ಕಲ್ಲಿನ ನಡುವಿನ ಗಾಳಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾದು ಹರಿಹರದ ಹತ್ತಿರ ತುಂಗಭದ್ರೆಯನ್ನು ದಾಟುತ್ತದೆ. ಅಷ್ಟುದ್ದದ ಹಳಿಯನ್ನು ಹೊತ್ತು ಕೂತಿರುವುದು ಮುಷ್ಟಿಗಿಂತ ಸಣ್ಣ ಖಡಿಕಲ್ಲು. ಈ ಖಡಿಯನ್ನು ವ್ಯಾಗನ್ನಿನಲ್ಲಿ ತುಂಬಿ ಕಳಿಸುವಾಗ ರೈಲ್ವೆ ಒಂದು ವಿಚಿತ್ರ ರಿಯಾಯಿತಿ ಕೊಡುತ್ತದೆ. ತುಂಬಿದ ಕಡೆ 100 ಘನ ಮೀಟರ್ ಎಂದು ಅಳೆದದ್ದು ಇಳಿಸಿಕೊಳ್ಳುವ ಕಡೆ 92 ಘನ ಮೀಟರ್ ಆಗಿ ಕಂಡರೂ ಯಾರೂ ಕಳ್ಳತನದ ದೂರು ಬರೆಯುವುದಿಲ್ಲ. ಶೇ. 8ರವರೆಗಿನ ಇಳಿತವನ್ನು ನಿಯಮವೇ ಒಪ್ಪಿಕೊಂಡಿದೆ. ದಾರಿಯಲ್ಲಿ ಒಂದು ಹರಳೂ ಬಿದ್ದಿಲ್ಲ, ಕಾಟಾದ ಮೇಲೆ ತೂಕ ಒಂದು ಕಿಲೊ ಕೂಡ ಕಡಿಮೆಯಾಗಿಲ್ಲ. ಕುಲುಕಾಟಕ್ಕೆ ಕಲ್ಲುಗಳು ಒತ್ತೊತ್ತಾಗಿ ಕೂತವು, ನಡುವಿನ ಗಾಳಿ ಹೊರಗೆ ಹೋಯಿತು, ಅಷ್ಟೇ.

ಹಾವೇರಿಯಲ್ಲಿ ಕೆಲವು ಗುಂಟೆ ಜಾಗದಲ್ಲಿ ಮನೆ ಕಟ್ಟಿಸಿ, ಮುಂದೆ ಸಣ್ಣ ಕೈತೋಟ, ಗೇಟಿನಿಂದ ಬಾಗಿಲವರೆಗೆ ಖಡಿ ಹಾಸಿದ ಕಾಲುದಾರಿ ಮಾಡಿಸಬೇಕು ಎಂದುಕೊಂಡವರಿಗೂ ಇದೇ ಗಾಳಿ ಎದುರಾಗುತ್ತದೆ. ಟ್ರ್ಯಾಕ್ಟರಿನವರು ಫೋನಿನಲ್ಲಿ ಕೇಳುವುದು ಒಂದೇ ಮಾತು: “ಎಷ್ಟು ಬ್ರಾಸ್ ಹಾಕ್ಲಿರೀ?” ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿದರೆ ಉತ್ತರ ಸಿಗಬೇಕು, ಐದನೇ ಇಯತ್ತೆಯ ಲೆಕ್ಕ. ಆದರೆ ಗುಣಿಸಿ ಬಂದದ್ದು ತುಂಬಬೇಕಾದ ಜಾಗದ ಗಾತ್ರ. ಟ್ರೇಲರಿನಲ್ಲಿ ಬರುವುದು ಕಲ್ಲು ಮತ್ತು ಗಾಳಿ, ಎರಡೂ ಸೇರಿದ ಸರಕು. ಅದರಲ್ಲಿ ಗಾಳಿಯ ಪಾಲು ಕ್ರಷರಿನಲ್ಲಿ ಒಂದು, ಟ್ರೇಲರಿನಲ್ಲಿ ಇನ್ನೊಂದು, ನಿಮ್ಮ ಕಾಲಡಿ ಮಗದೊಂದು. ಖಡಿಯ ಅಂದಾಜು ತಪ್ಪುವುದು ಸಾಮಾನ್ಯವಾಗಿ ಗುಣಾಕಾರದಲ್ಲಲ್ಲ, ಈ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಾಗ.

ಮೊದಲು ಅಳತೆಗಳನ್ನು ಹೊಂದಿಸಿಕೊಳ್ಳೋಣ. ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಖಡಿ, ಉಸುಕು, ಗರಸಿನ ವ್ಯವಹಾರ ನಡೆಯುವುದು ಇದರಲ್ಲೇ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಟ್ರೇಲರಿನ ಒಳಗಿನ ಉದ್ದ 10 ಅಡಿ, ಅಗಲ 6 ಅಡಿ, ಎತ್ತರ 2 ಅಡಿ ಇದ್ದರೆ ಅಂಚಿನ ಮಟ್ಟಕ್ಕೆ 120 ಘನ ಅಡಿ ಹಿಡಿಯುತ್ತದೆ. ಎಲ್ಲ ಟ್ರೇಲರ್‌ಗಳೂ ಒಂದೇ ಅಳತೆಯವಲ್ಲ, ಆದ್ದರಿಂದ ಟೇಪು ಹಿಡಿದು ಒಳಗಿನಿಂದ ಅಳೆದುಕೊಳ್ಳುವುದೇ ಸರಿ. ಗಣಿ ಇಲಾಖೆಯ ಸಾಗಣೆ ಪರವಾನಗಿ ಚೀಟಿಯಲ್ಲಿ ಮಾತ್ರ ಟನ್ ಲೆಕ್ಕ. ಹೀಗೆ ಒಂದೇ ಸರಕು ಕಾಗದದ ಮೇಲೆ ತೂಕವಾಗಿ, ಮಾತಿನಲ್ಲಿ ಗಾತ್ರವಾಗಿ ಓಡಾಡುತ್ತದೆ. ಎರಡನ್ನೂ ಜೋಡಿಸುವ ಅಂಕಿಯೇ ರಾಶಿಸಾಂದ್ರತೆ.

ಗಟ್ಟಿ ಗ್ರಾನೈಟ್ ಬಂಡೆಯ ಒಂದು ಘನ ಮೀಟರ್ ಸುಮಾರು 2.65 ಟನ್ ತೂಗುತ್ತದೆ. ಅದೇ ಬಂಡೆಯನ್ನು ಒಡೆದು 20 ಮಿಲಿಮೀಟರ್ ಖಡಿ ಮಾಡಿ ಸಡಿಲವಾಗಿ ಸುರಿದರೆ ಒಂದು ಘನ ಮೀಟರಿಗೆ ಸುಮಾರು 1.45 ಟನ್. ಎರಡನ್ನೂ ಭಾಗಿಸಿ ನೋಡಿ: ರಾಶಿಯಲ್ಲಿ ಕಲ್ಲಿನ ಪಾಲು ಶೇ. 55, ಗಾಳಿಯ ಪಾಲು ಶೇ. 45. ಒಂದು ಬ್ರಾಸ್ ಖಡಿಯ ತೂಕ ಸುಮಾರು 4.1 ಟನ್, ಮೇಲೆ ಹೇಳಿದ ಟ್ರೇಲರ್ ತುಂಬಿದರೆ ಹತ್ತಿರ ಹತ್ತಿರ 5 ಟನ್. ಕಾಟಾ ಚೀಟಿಯಲ್ಲಿ 4 ಟನ್ ಎಂದಿದ್ದು ಬಾಯಲ್ಲಿ ಒಂದೂವರೆ ಬ್ರಾಸ್ ಎಂದರೆ, ಎರಡರಲ್ಲಿ ಒಂದು ಸುಳ್ಳು.

ಬಕೆಟ್ಟಿನಲ್ಲೊಂದು ಪ್ರಯೋಗ

ಗಾಳಿಯ ಪಾಲನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ, ಅಂಗಳದಲ್ಲೇ ಅಳೆಯಬಹುದು. 15 ಲೀಟರ್ ಹಿಡಿಯುವ ಬಕೆಟ್ ತೆಗೆದುಕೊಳ್ಳಿ. ಖಡಿಯನ್ನು ತೊಳೆದು ತುಂಬಿ, ಮೇಲೆ ಒಂದು ಪಟ್ಟಿ ಎಳೆದು ಅಂಚಿಗೆ ಸಮ ಮಾಡಿ. ಈಗ ಲೀಟರ್ ಅಳತೆಯ ಪಾತ್ರೆಯಿಂದ ನಿಧಾನಕ್ಕೆ ನೀರು ಹೊಯ್ಯುತ್ತಾ ಹೋಗಿ. ಬಕೆಟ್ ಕಲ್ಲಿನಿಂದ ತುಂಬಿದಂತೆ ಕಂಡರೂ ನೀರು ಇಳಿಯುತ್ತಲೇ ಇರುತ್ತದೆ, ಗುಳ್ಳೆಗಳು ಏಳುತ್ತಲೇ ಇರುತ್ತವೆ. ನೀರು ಅಂಚಿಗೆ ಬರುವ ಹೊತ್ತಿಗೆ ಆರೂವರೆ ಲೀಟರಿನ ಆಸುಪಾಸು ಖರ್ಚಾಗಿರುತ್ತದೆ. 15ರಲ್ಲಿ 6.5 ಎಂದರೆ ಶೇ. 43. ಅಷ್ಟು ಜಾಗ ಖಾಲಿ ಇತ್ತು.

ನೀರು ಚೆಲ್ಲಿ, ಅದೇ ಖಡಿಯನ್ನು ಮತ್ತೆ ಸಡಿಲವಾಗಿ ತುಂಬಿ, ಬಕೆಟ್ಟನ್ನು ಎರಡು ಬೆರಳೆತ್ತರದಿಂದ ನೆಲಕ್ಕೆ ಕುಕ್ಕುತ್ತಾ ಹೋಗಿ. ಮೊದಲ ಕೆಲವು ಕುಕ್ಕಿಗೆ ಮಟ್ಟ ಬೇಗ ಇಳಿಯುತ್ತದೆ, ಆಮೇಲೆ ನಿಧಾನ, ಕೊನೆಗೆ ಎಷ್ಟು ಕುಕ್ಕಿದರೂ ಕದಲುವುದಿಲ್ಲ. ಕ್ರಷರಿನಿಂದ ನಿಮ್ಮ ಮನೆಯವರೆಗಿನ ಗುಂಡಿಬಿದ್ದ ರಸ್ತೆ ಮಾಡುವ ಕೆಲಸವೂ ಇದೇ. ಕ್ರಷರಿನ ಹತ್ತಿರ ಅಂಚಿಗೆ ಸಮವಾಗಿದ್ದ ಲೋಡು ಮನೆ ಮುಟ್ಟುವಾಗ ಅಂಚಿನಿಂದ ಒಂದೆರಡು ಇಂಚು ಕೆಳಗಿದ್ದರೆ ಚಾಲಕನ ಮೇಲೆ ಅನುಮಾನ ಪಡಬೇಕಾಗಿಲ್ಲ. 24 ಇಂಚು ಎತ್ತರದ ಟ್ರೇಲರಿನಲ್ಲಿ ಶೇ. 8 ಎಂದರೆ ಹೆಚ್ಚುಕಡಿಮೆ 2 ಇಂಚು.

ಭಾರತೀಯ ಮಾನಕ ಸಂಸ್ಥೆಯ ಐಎಸ್ 2386, 1963ರಲ್ಲಿ ಬಂದದ್ದು, ಈ ಬಕೆಟ್ ಪ್ರಯೋಗವನ್ನೇ ಶಿಸ್ತಿಗೆ ತಂದಿದೆ. 40 ಮಿಲಿಮೀಟರ್‌ವರೆಗಿನ ಖಡಿಗೆ 15 ಲೀಟರಿನ ಲೋಹದ ಪಾತ್ರೆ, ಅದಕ್ಕೂ ದಪ್ಪನೆಯದಕ್ಕೆ 30 ಲೀಟರಿನದು. ಮೂರು ಪದರಾಗಿ ತುಂಬಿ, ಪ್ರತಿ ಪದರನ್ನೂ 16 ಮಿಲಿಮೀಟರ್ ದಪ್ಪ, 60 ಸೆಂಟಿಮೀಟರ್ ಉದ್ದದ ಸರಳಿನಿಂದ 25 ಸಲ ಚುಚ್ಚಬೇಕು. ಕಲ್ಲು ದಪ್ಪವಾದಷ್ಟೂ ಪಾತ್ರೆ ದೊಡ್ಡದಿರಬೇಕೆಂಬ ನಿಯಮಕ್ಕೆ ಕಾರಣವಿದೆ. ನಯವಾದ ಗೋಡೆಗೆ ತಾಗಿದ ಕಡೆ ಕಲ್ಲುಗಳು ಒಂದರೊಳಗೊಂದು ಕೂರಲಾರವು, ಅಲ್ಲಿ ಗಾಳಿ ಹೆಚ್ಚು. ಪಾತ್ರೆ ಸಣ್ಣದಾದರೆ ಈ ಅಂಚಿನ ಗಾಳಿಯೇ ಲೆಕ್ಕವನ್ನು ಕೆಡಿಸುತ್ತದೆ. ಬಕೆಟ್ಟಿನಲ್ಲಿ ಸಿಕ್ಕ ಅಂಕಿಗಿಂತ ಟ್ರೇಲರಿನಲ್ಲಿ ಗಾಳಿ ಒಂದಿಷ್ಟು ಕಡಿಮೆಯೇ ಇರುತ್ತದೆ.

ಗುಂಡು, ಉದ್ದ, ಚಪ್ಪಟೆ

ಕಲ್ಲು ಎಷ್ಟು ಒತ್ತಾಗಿ ಕೂರಬಲ್ಲದು ಎಂಬ ಪ್ರಶ್ನೆಗೆ ನಾಲ್ಕು ಶತಮಾನದ ಇತಿಹಾಸವಿದೆ. ಒಂದೇ ಅಳತೆಯ ಗುಂಡುಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ಶೇ. 74ಕ್ಕಿಂತ ಸ್ವಲ್ಪವೇ ಹೆಚ್ಚಿನ ಜಾಗ ತುಂಬಬಹುದು, ಅದನ್ನು ಮೀರಲಾಗದು ಎಂದು 1611ರಲ್ಲಿ ಯೋಹಾನ್ಸ್ ಕೆಪ್ಲರ್ ಊಹಿಸಿದ. ಹಣ್ಣಿನಂಗಡಿಯವರು ಮೂಸಂಬಿ ಪೇರಿಸುವ ಕ್ರಮವೇ ಅದು. ಊಹೆಗೆ ಸಾಧನೆ ಕೊಟ್ಟದ್ದಾಗಿ ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್ ಘೋಷಿಸಿದ್ದು 1998ರಲ್ಲಿ. ಕಂಪ್ಯೂಟರ್ ಅದರ ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸಿ ಮುಗಿಸಿದ್ದು 2014ರಲ್ಲಿ.

ಆದರೆ ಖಡಿಯನ್ನು ಯಾರೂ ಮೂಸಂಬಿಯಂತೆ ಪೇರಿಸುವುದಿಲ್ಲ, ಸುರಿಯುತ್ತಾರೆ. ಹೇಗೆಂದರೆ ಹಾಗೆ ಸುರಿದು ಕುಲುಕಿದ ಗುಂಡುಗಳು ಎಷ್ಟು ಜಾಗ ತುಂಬುತ್ತವೆ ಎಂಬುದನ್ನು 1960ರ ಸುಮಾರಿಗೆ ಜೆ.ಡಿ. ಬರ್ನಾಲ್ ಮತ್ತು ಜಿ.ಡಿ. ಸ್ಕಾಟ್ ಬೇರೆ ಬೇರೆಯಾಗಿ ಪ್ರಯೋಗದಿಂದ ಹುಡುಕಿದರು. ಉಕ್ಕಿನ ಗುಂಡುಗಳಲ್ಲಿ ಸಿಕ್ಕ ಉತ್ತರ ಶೇ. 64ರ ಹತ್ತಿರ. ಖಡಿ ಗುಂಡಲ್ಲ; ಮೂಲೆ, ಅಂಚು, ಒರಟು ಮೈ ಎಲ್ಲ ಇವೆ. ಒಂದರ ಮೂಲೆ ಇನ್ನೊಂದರ ಅಂಚಿಗೆ ತಡೆಯಾಗಿ ನಿಂತು, ಜಾರಿ ಕೂರಬೇಕಾದ ಕಲ್ಲು ಅರ್ಧ ದಾರಿಯಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ಶೇ. 64ರ ಬದಲು 55.

ಆಕಾರ ಉದ್ದವಾದಷ್ಟೂ ಸಂಗತಿ ಇನ್ನೂ ಬಿಗಡಾಯಿಸುತ್ತದೆ. ಉದ್ದ ದಪ್ಪದ 20 ಪಟ್ಟಿರುವ ಸರಳುಗಳನ್ನು ಅಡ್ಡಾದಿಡ್ಡಿ ಸುರಿದರೆ ತುಂಬುವ ಜಾಗ ಸುಮಾರು ಶೇ. 27 ಮಾತ್ರ, ಉಳಿದದ್ದೆಲ್ಲ ಗಾಳಿ. ಬ್ಯಾಡಗಿಯ ಮಾರುಕಟ್ಟೆ ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಉದ್ದನೆಯ ಕಡ್ಡಿ ಮೆಣಸಿನಕಾಯಿ ಸುರಿದರೆ ಬೆಟ್ಟದಷ್ಟು ಕಾಣುತ್ತದೆ, ತೂಕಕ್ಕಿಟ್ಟರೆ ಹಗುರ. ಅಲ್ಲಿ ವ್ಯಾಪಾರ ಕ್ವಿಂಟಲ್ ಲೆಕ್ಕದಲ್ಲಿ ನಡೆಯುತ್ತದೆಯೇ ಹೊರತು ಡಬ್ಬಿ-ಸೇರಿನ ಲೆಕ್ಕದಲ್ಲಲ್ಲ. ಗಾಳಿ ಹೆಚ್ಚಿರುವ, ಒತ್ತಿದರೆ ಕುಗ್ಗುವ ಸರಕನ್ನು ಗಾತ್ರದಲ್ಲಿ ಮಾರಿದರೆ ಮಾರುವವ, ಕೊಳ್ಳುವವ ಇಬ್ಬರಿಗೂ ನೆಮ್ಮದಿ ಇರದು.

ಕಲ್ಲಿನಲ್ಲಿ ಉದ್ದದಷ್ಟೇ ಚಪ್ಪಟೆತನವೂ ತೊಂದರೆ. ರಾಣೆಬೆನ್ನೂರಿನ ಸುತ್ತಿನ ನೆಲ ಧಾರವಾಡ ಶಿಲಾಸಮೂಹದ್ದು. ಗ್ರೇವ್ಯಾಕ್, ಜೇಡಿಶಿಲೆ, ಶಿಸ್ಟ್ ಮುಂತಾದ, 250 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳು ಇಲ್ಲಿವೆ. ಇವುಗಳಲ್ಲಿ ಪದರು ಪದರಾಗಿ ಸೀಳುವಂಥವು ಯಂತ್ರದ ದವಡೆಗೆ ಸಿಕ್ಕರೆ ಬಿಲ್ಲೆಯಂಥ ಚೂರುಗಳಾಗುತ್ತವೆ. ಗ್ರಾನೈಟ್ ಅಷ್ಟಾಗಿ ಹಾಗೆ ಒಡೆಯುವುದಿಲ್ಲ. ಮಾನಕದ ಪ್ರಕಾರ ಒಂದು ಹರಳಿನ ದಪ್ಪ ಅದರ ಸರಾಸರಿ ಅಳತೆಯ 0.6ಕ್ಕಿಂತ ಕಡಿಮೆ ಇದ್ದರೆ ಅದು ಚಪ್ಪಟೆ, ಉದ್ದ 1.8 ಪಟ್ಟು ಮೀರಿದರೆ ಅದು ನೀಳ. ಇಂಥವು ಹೆಚ್ಚಿರುವ ಲೋಡಿನಲ್ಲಿ ಗಾಳಿ ಹೆಚ್ಚು. ಓಡಾಡುತ್ತಾ ಓಡಾಡುತ್ತಾ ಬಿಲ್ಲೆಗಳು ಮಲಗಿಕೊಳ್ಳುತ್ತವೆ, ದಾರಿ ತಗ್ಗುತ್ತದೆ. ಒಂದು ಬೊಗಸೆ ಖಡಿ ತೆಗೆದು ಅಂಗೈಮೇಲೆ ಹರಡಿದರೆ ಸಾಕು, ಎಂಥ ಲೋಡೆಂದು ಗೊತ್ತಾಗುತ್ತದೆ.

ಹಗ್ಗ ಹಿಡಿದು ರಾಶಿ ಅಳೆಯುವುದು

ನೀವು ಕೆಲಸಕ್ಕೆ ಹೋದಾಗ ಖಡಿ ಬಂದು ಸುರಿದು ಹೋಗಿದೆ. ಟ್ರೇಲರ್ ಅಳೆಯುವ ಅವಕಾಶವಿರಲಿಲ್ಲ, ಎದುರಿಗೆ ಇರುವುದು ರಾಶಿ ಮಾತ್ರ. ಎಷ್ಟಿರಬಹುದು?

ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನು ಬಳಪದ ಕಲ್ಲಿನಲ್ಲಿ ಕಡೆದ 12ನೇ ಶತಮಾನದಲ್ಲೇ, 1150ರ ಸುಮಾರಿಗೆ, ಭಾಸ್ಕರಾಚಾರ್ಯ ‘ಲೀಲಾವತಿ’ ಬರೆದ. ಅದರಲ್ಲಿ ರಾಶಿವ್ಯವಹಾರ ಎಂಬ ಪುಟ್ಟ ಭಾಗವಿದೆ. ಕಣದಲ್ಲಿ ಸುರಿದ ಕಾಳಿನ ರಾಶಿಯನ್ನು ಹಗ್ಗವೊಂದರಿಂದ ಅಳೆಯುವ ಸೂತ್ರ ಅದು: ಸುತ್ತಳತೆಯ ಆರನೇ ಒಂದು ಭಾಗವನ್ನು ವರ್ಗ ಮಾಡಿ, ಎತ್ತರದಿಂದ ಗುಣಿಸು. ಶಂಕುವಿನ ಗಾತ್ರದ ಇಂದಿನ ಸೂತ್ರದಲ್ಲಿ ಪೈ ಬೆಲೆಯನ್ನು 3 ಎಂದು ಇಟ್ಟರೆ ಬರುವುದು ಇದೇ. ನಿಜವಾದ ಪೈ ಬಳಸಿದರೆ 36ರ ಬದಲು 37.7ರಿಂದ ಭಾಗಿಸಬೇಕು, ವ್ಯತ್ಯಾಸ ಶೇ. 5ಕ್ಕಿಂತ ಕಡಿಮೆ. ಪೈ ಬೆಲೆಯನ್ನು ಇದಕ್ಕಿಂತ ಎಷ್ಟೋ ನಿಖರವಾಗಿ ಬಲ್ಲವನೇ ಭಾಸ್ಕರ. ರಾಶಿಯ ಅಂಚನ್ನೇ ಅಷ್ಟು ನಿಖರವಾಗಿ ಅಳೆಯಲಾಗದ ಕಣದಲ್ಲಿ ಒರಟು ಬೆಲೆ ಸಾಕು ಎಂಬ ವಿವೇಕ ಇಲ್ಲಿದೆ.

ಇನ್ನೂ ಸ್ವಾರಸ್ಯದ ಸಂಗತಿ ಎತ್ತರದ ವಿಷಯದ್ದು. ರಾಶಿಯ ತುದಿಗೆ ಕೋಲು ಹಿಡಿಯಬೇಕಾಗಿಯೇ ಇಲ್ಲ ಎನ್ನುತ್ತಾನೆ ಭಾಸ್ಕರ. ದಪ್ಪ ಕಾಳಾದರೆ ಎತ್ತರ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಾದರೆ ಹನ್ನೊಂದನೇ ಒಂದು, ಸುಂಕಿರುವ ಧಾನ್ಯವಾದರೆ ಒಂಬತ್ತನೇ ಒಂದು. ಈ ಮೂರು ಭಾಗಗಳನ್ನು ಕೋನಕ್ಕೆ ಬದಲಿಸಿದರೆ ರಾಶಿಯ ಇಳಿಜಾರು ಕ್ರಮವಾಗಿ 32, 30 ಮತ್ತು 35 ಡಿಗ್ರಿ ಬರುತ್ತದೆ. ಹರಳುಗಳು ತಮ್ಮ ಪಾಡಿಗೆ ಜಾರಿ ನಿಲ್ಲುವ ಈ ಕೋನಕ್ಕೆ ಇಂದಿನ ಎಂಜಿನಿಯರುಗಳು ವಿಶ್ರಾಂತಿ ಕೋನ ಎನ್ನುತ್ತಾರೆ. ನುಣುಪು ಕಾಳು ಬೇಗ ಜಾರುತ್ತದೆ, ರಾಶಿ ಚಪ್ಪಟೆ. ಸುಂಕು ಒಂದಕ್ಕೊಂದು ಸಿಕ್ಕಿಕೊಂಡರೆ ರಾಶಿ ಕಡಿದು. ಸರಕು ಒಂದೇ ಆದರೆ ರಾಶಿ ಸಣ್ಣದಿರಲಿ, ದೊಡ್ಡದಿರಲಿ ಕೋನ ಬದಲಾಗದು. ಅದಕ್ಕೇ ಸುತ್ತಳತೆಯೊಂದು ಗೊತ್ತಾದರೆ ಎತ್ತರ ತಾನಾಗಿ ಬರುತ್ತದೆ.

ಒಡೆದ ಖಡಿಯ ಮೂಲೆಗಳು ಸುಂಕಿಗಿಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ, ಇಳಿಜಾರು ಸಾಮಾನ್ಯವಾಗಿ 38 ಡಿಗ್ರಿಯ ಆಸುಪಾಸು. ಭಾಸ್ಕರನ ಪಟ್ಟಿಗೆ ನಾವು ಖಡಿಯನ್ನೂ ಸೇರಿಸಿದರೆ ಅದರ ಭಾಗ ಎಂಟನೇ ಒಂದು. ಉದಾಹರಣೆಗೆ, ಹಗ್ಗ ಸುತ್ತಿ ನೋಡಿದಾಗ ರಾಶಿಯ ಬುಡ 40 ಅಡಿ ಬಂತು ಎನ್ನಿ. ಎತ್ತರ 5 ಅಡಿ ಇರಬೇಕು. 40ರ ವರ್ಗ 1,600, ಅದನ್ನು 5ರಿಂದ ಗುಣಿಸಿ 37.7ರಿಂದ ಭಾಗಿಸಿದರೆ 212 ಘನ ಅಡಿ. ಎರಡು ಬ್ರಾಸಿಗೆ ಚೂರು ಹೆಚ್ಚು.

ಕಾಂಪೌಂಡ್ ಗೋಡೆಗೆ ಒರಗಿಸಿ ಸುರಿದಿದ್ದರೆ? ಅದಕ್ಕೂ ‘ಲೀಲಾವತಿ’ಯಲ್ಲಿ ಉತ್ತರವಿದೆ. ಗೋಡೆಗೆ ಒರಗಿದ ರಾಶಿ ಅರ್ಧ ಶಂಕು, ಒಳಮೂಲೆಯಲ್ಲಿದ್ದರೆ ಕಾಲು, ಹೊರಮೂಲೆಯನ್ನು ಬಳಸಿ ಬಿದ್ದಿದ್ದರೆ ಮುಕ್ಕಾಲು. ಕಂಡಷ್ಟು ಅಂಚನ್ನು ಅಳೆದು ಕ್ರಮವಾಗಿ 2, 4 ಅಥವಾ ಒಂದೂ ಮೂರನೇ ಒಂದರಿಂದ ಗುಣಿಸಿ ಪೂರ್ಣ ಶಂಕು ಮಾಡಿಕೊಳ್ಳಬೇಕು, ಗಾತ್ರ ಬಂದ ಮೇಲೆ ಅದೇ ಸಂಖ್ಯೆಯಿಂದ ಭಾಗಿಸಬೇಕು. ಗೋಡೆಯ ಬದಿಯ ರಾಶಿಯ ಬಾಗಿದ ಅಂಚು 22 ಅಡಿ ಇದ್ದರೆ ಪೂರ್ಣ ಸುತ್ತಳತೆ 44, ಎತ್ತರ ಐದೂವರೆ ಅಡಿ, ಪೂರ್ಣ ಶಂಕು 282 ಘನ ಅಡಿ. ನಿಮ್ಮ ರಾಶಿ ಅದರ ಅರ್ಧ, 141. ಟ್ರೇಲರ್ ಎತ್ತಿ ಸುರಿದ ರಾಶಿ ಒಮ್ಮೊಮ್ಮೆ ಉದ್ದುದ್ದ ಬಿದ್ದಿರುತ್ತದೆ. ಆಗ ನಡುವಿನ ದಿಂಡನ್ನು ಬೇರೆ, ಎರಡು ತುದಿಯ ಅರ್ಧ ಶಂಕುಗಳನ್ನು ಬೇರೆ ಲೆಕ್ಕ ಹಾಕಿ ಕೂಡಿಸಬೇಕು.

ಅರ್ಧ ಇಂಚಿನ ಬೆಲೆ

ಈಗ ಕಾಲುದಾರಿಗೆ ಬರೋಣ. ಉದ್ದ 60 ಅಡಿ, ಅಗಲ 4 ಅಡಿ: 240 ಚದರಡಿ. ಪದರದ ದಪ್ಪ ಹರಳಿನ ಅಳತೆಯ ಎರಡರಿಂದ ಮೂರು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ನೆಲ ಇಣುಕುತ್ತದೆ. 20 ಮಿಲಿಮೀಟರ್ ಖಡಿಗೆ 2 ಇಂಚು ಸಾಕು. 240ನ್ನು 6ರಿಂದ ಭಾಗಿಸಿ: 40 ಘನ ಅಡಿ.

ಹೂಗಿಡದ ಮಡಿಗೆ ಅಂಕುಡೊಂಕಾದ ಅಂಚಿದೆ. ಅದಕ್ಕೆ ಹೆದರಬೇಕಾಗಿಲ್ಲ. ಉದ್ದಕ್ಕೆ ಒಂದು ದಾರ ಕಟ್ಟಿ, 4 ಅಡಿಗೊಂದು ಕಡೆ ಅಡ್ಡಗಲ ಅಳೆಯಿರಿ. 24 ಅಡಿ ಉದ್ದದ ಮಡಿಯಲ್ಲಿ ಅಗಲಗಳು 0, 5, 8, 7, 9, 6, 0 ಎಂದು ಬಂದರೆ ಎಲ್ಲ ಕೂಡಿಸಿ 35, ಅದನ್ನು 4ರಿಂದ ಗುಣಿಸಿದರೆ 140 ಚದರಡಿ. ವಕ್ರರೇಖೆಗಳಿಗೆ ಒಪ್ಪುವ ಸಿಂಪ್ಸನ್ ಸೂತ್ರದಿಂದ ಮಾಡಿದರೂ 141 ಚಿಲ್ಲರೆ ಬರುತ್ತದೆ. ಇಲ್ಲಿಗೂ 2 ಇಂಚು ಎಂದರೆ 23 ಘನ ಅಡಿ. ಎರಡೂ ಸೇರಿ 63.

ಈ ಲೆಕ್ಕದಲ್ಲಿ ಯಾವ ಅಳತೆ ತಪ್ಪಿದರೆ ಎಷ್ಟು ನಷ್ಟ ಎಂದು ನೋಡುವುದು ಅಂದಾಜು ಮಾಡುವವರ ಮುಖ್ಯ ಪಾಠ. 60 ಅಡಿಯ ಉದ್ದದಲ್ಲಿ ಒಂದು ಅಡಿ ತಪ್ಪಿದರೆ ಖಡಿಯ ಲೆಕ್ಕ ಶೇ. 2ರಷ್ಟೂ ತಪ್ಪುವುದಿಲ್ಲ. 2 ಇಂಚಿನ ದಪ್ಪದಲ್ಲಿ ಅರ್ಧ ಇಂಚು ತಪ್ಪಿದರೆ ಶೇ. 25 ತಪ್ಪುತ್ತದೆ. ಟೇಪು ಹಿಡಿದು ಅಂಗಳವನ್ನು ಎರಡೆರಡು ಸಲ ಅಳೆಯುವವರು ನೆಲದ ಉಬ್ಬುತಗ್ಗನ್ನು ಕಣ್ಣಳತೆಗೆ ಬಿಡುತ್ತಾರೆ, ಖಡಿಯೆಲ್ಲ ಅಲ್ಲಿಯೇ ಇಂಗುತ್ತದೆ. ಎರಡು ಗೂಟದ ನಡುವೆ ದಾರ ಬಿಗಿದು, ಅದರಿಂದ ನೆಲಕ್ಕೆ ಹತ್ತು ಕಡೆ ಆಳ ಅಳೆದು ಸರಾಸರಿ ತೆಗೆಯುವ ಅರ್ಧ ಗಂಟೆಯ ಕೆಲಸ ಉಳಿದೆಲ್ಲ ಅಳತೆಗಿಂತ ಹೆಚ್ಚು ಹಣ ಉಳಿಸುತ್ತದೆ. ರಾಶಿಯ ಲೆಕ್ಕದಲ್ಲಿ ಈ ಅಪಾಯ ಹಗ್ಗದಲ್ಲಿದೆ. ಅಲ್ಲಿ ಗಾತ್ರ ಸುತ್ತಳತೆಯ ಘನದಂತೆ ಬೆಳೆಯುವುದರಿಂದ 40 ಅಡಿಯನ್ನು 42 ಎಂದು ಓದಿದರೆ ಗಾತ್ರ ಶೇ. 16ರಷ್ಟು ಹಿಗ್ಗುತ್ತದೆ.

ಎರೆ ನೆಲ, ಗರಸು ತಳ

ಹಾವೇರಿ ಸೀಮೆಯಲ್ಲಿ ಮಸಾರಿ ಮಣ್ಣೂ ಇದೆ, ಎರೆ ಮಣ್ಣೂ ಇದೆ. ಮಸಾರಿಯ ಮೇಲೆ ಖಡಿ ಹಾಸಿದರೆ ಹೆಚ್ಚು ತಕರಾರಿಲ್ಲ. ಎರೆಯ ಗುಣ ಬೇರೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಖಡಿ ಬಿರುಕಿಗೆ ಇಳಿಯುತ್ತದೆ, ಮಳೆಗಾಲದಲ್ಲಿ ಮೆತ್ತಗಾದ ಮಣ್ಣು ಹರಳುಗಳ ನಡುವಿನ ಗಾಳಿಯ ಜಾಗಕ್ಕೆ ಮೇಲೇರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಸಿದ ಖಡಿಯ ಒಂದು ಪಾಲು ಕಾಣೆ. ಎಷ್ಟು ಬ್ರಾಸ್ ಹೆಚ್ಚಿಗೆ ತರಿಸಿದರೂ ಇದಕ್ಕೆ ಪರಿಹಾರವಿಲ್ಲ. ಮಣ್ಣಿಗೂ ಖಡಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನೋ, ದಮ್ಮಸು ಮಾಡಿದ ಗರಸಿನ ಪದರವನ್ನೋ ಹಾಕಬೇಕು.

ಗರಸಿನ ಲೆಕ್ಕ ಖಡಿಯಂತಲ್ಲ. ಅದರಲ್ಲಿ ಹೆಬ್ಬೆರಳ ಗಾತ್ರದ ಹರಳಿನಿಂದ ಹಿಡಿದು ಧೂಳಿನವರೆಗೆ ಎಲ್ಲ ಅಳತೆಯೂ ಇದೆ. ದೊಡ್ಡ ಹರಳಿನ ಸಂದಿಗೆ ಸಣ್ಣದು, ಸಣ್ಣದರ ಸಂದಿಗೆ ಪುಡಿ. ಎರಡು ಬಕೆಟ್ ಖಡಿಗೆ ಒಂದು ಬಕೆಟ್ ಕಲ್ಲುಪುಡಿ ಬೆರೆಸಿ ನೋಡಿ, ಮೂರು ಬಕೆಟ್ ಆಗುವುದಿಲ್ಲ. ಪುಡಿಯ ಬಹುಪಾಲು ಗಾಳಿಯಿದ್ದ ಜಾಗಕ್ಕೆ ಹೋಗುತ್ತದೆ. ಆದ್ದರಿಂದಲೇ ಗರಸು ರೋಲರಿಗೆ ಸಿಕ್ಕರೆ ಬಹಳ ಕುಗ್ಗುತ್ತದೆ. 4 ಇಂಚು ಗಟ್ಟಿ ತಳ ಬೇಕಾದರೆ 240 ಚದರಡಿಗೆ 80 ಘನ ಅಡಿ; ಸಡಿಲ ಲೆಕ್ಕಕ್ಕೆ 1.3ರಿಂದ ಗುಣಿಸಿ 104 ಘನ ಅಡಿ ತರಿಸಬೇಕು. ಒಣ ಗರಸನ್ನು ಎಷ್ಟು ಬಡಿದರೂ ಕೂರದು, ಕೆಸರಾದರೂ ಕೂರದು. ನಡುವೆ ಎಲ್ಲೋ ಒಂದು ಹದ ತೇವದಲ್ಲಿ ಅದು ಅತ್ಯಂತ ಒತ್ತಾಗಿ ಕೂರುತ್ತದೆ. 1933ರಲ್ಲಿ ಲಾಸ್ ಏಂಜಲಿಸ್‌ನ ಎಂಜಿನಿಯರ್ ಆರ್.ಆರ್. ಪ್ರಾಕ್ಟರ್ ಈ ಹದವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಇಂದಿಗೂ ರಸ್ತೆ ಕಾಮಗಾರಿಯ ಪರೀಕ್ಷೆ ಅವರ ಹೆಸರಿನಲ್ಲೇ ನಡೆಯುತ್ತದೆ.

ಹಾಗಾದರೆ ಮೇಲಿನ ಪದರಕ್ಕೂ ಗರಸೇ ಹಾಕಬಾರದೇಕೆ? ಅಲ್ಲಿ ನಮಗೆ ಗಾಳಿಯೇ ಬೇಕು. ರೈಲ್ವೆಯವರು 20 ಮಿಲಿಮೀಟರಿಗಿಂತ ಸಣ್ಣ ಚೂರನ್ನು ತಮ್ಮ ಖಡಿಯಲ್ಲಿ ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ, ಸಂದಿಗಳಲ್ಲಿ ಮಳೆನೀರು ಇಳಿದು ಹೋಗಬೇಕೆಂದು. 2 ಇಂಚಿನ ಖಡಿ ಪದರದಲ್ಲಿ ಶೇ. 45 ಗಾಳಿ ಇದ್ದರೆ ಅದು 22 ಮಿಲಿಮೀಟರ್ ಮಳೆಯನ್ನು ಹರಿಯಗೊಡದೆ ಹಿಡಿದಿಡಬಲ್ಲದು. 240 ಚದರಡಿಯ ನಮ್ಮ ಕಾಲುದಾರಿಯಲ್ಲಿ ಅದು ಸುಮಾರು 500 ಲೀಟರ್. ತಳದಲ್ಲಿ ಗಾಳಿ ಶತ್ರು, ಮೇಲೆ ಮಿತ್ರ.

ಉಸುಕು ಮತ್ತು ಬಂಡೆ

ಚಪ್ಪಡಿ ಹಾಸುವವರಿಗೆ ಉಸುಕೂ ಬೇಕಾಗುತ್ತದೆ. ಇಲ್ಲಿ ಗಾಳಿಗೆ ನೀರು ಜೊತೆಯಾಗಿ ಆಟ ಹೂಡುತ್ತದೆ. ಹೊಳೆಯ ಉಸುಕಿಗೆ ಶೇ. 5ರಷ್ಟು ತೇವ ಸೇರಿದರೆ ಪ್ರತಿ ಕಣದ ಸುತ್ತ ನೀರಿನ ತೆಳು ಪೊರೆ ಕಟ್ಟುತ್ತದೆ. ಪೊರೆಯ ಎಳೆತ ಕಣಗಳನ್ನು ಜಾರಿ ಕೂರಲು ಬಿಡುವುದಿಲ್ಲ, ಉಸುಕು ಶೇ. 20ರಿಂದ 30ರಷ್ಟು ಉಬ್ಬುತ್ತದೆ. ಪೂರ್ತಿ ಮುಳುಗುವಷ್ಟು ನೀರು ಹಾಕಿದರೆ ಪೊರೆಗಳೇ ಇಲ್ಲವಾಗಿ ಮತ್ತೆ ಒಣ ಗಾತ್ರಕ್ಕೆ ಇಳಿಯುತ್ತದೆ. ಪರೀಕ್ಷೆ ಸುಲಭ: ಗಾಜಿನ ಲೋಟದಲ್ಲಿ ಹಸಿ ಉಸುಕನ್ನು 20 ಸೆಂಟಿಮೀಟರ್ ತುಂಬಿ, ತೆಗೆದಿಟ್ಟು, ಅರ್ಧ ಲೋಟ ನೀರಿಗೆ ಮತ್ತೆ ಸುರಿದು ಕಲಕಿ ಬಿಡಿ. 16 ಸೆಂಟಿಮೀಟರಿಗೆ ನಿಂತರೆ ಉಬ್ಬು ಶೇ. 25. ಬ್ರಾಸ್ ಲೆಕ್ಕದಲ್ಲಿ ಕೊಂಡವರು ನಾಲ್ಕು ಪಾಲಿಗೆ ಐದು ಪಾಲಿನ ದುಡ್ಡು ಕೊಟ್ಟ ಹಾಗಾಯಿತು. ಅದೇ ಉಸುಕನ್ನು ತೂಕದಲ್ಲಿ ಕೊಂಡಿದ್ದರೆ ನಷ್ಟ ನೀರಿನ ತೂಕದಷ್ಟೇ, ಶೇ. 5. ಅಂದರೆ ಹಸಿ ಉಸುಕಿಗೂ ದೂರದಿಂದ ಬರುವ ಖಡಿಗೂ ಕಾಟಾ ಚೀಟಿಯೇ ಭದ್ರ.

ತೋಟದ ಅಂದಕ್ಕೆ ಇಡುವ ದೊಡ್ಡ ಬಂಡೆಯಲ್ಲಿ ಗಾಳಿ ಇರುವುದು ಕಲ್ಲಿನೊಳಗಲ್ಲ, ನಮ್ಮ ಅಳತೆಯಲ್ಲಿ. 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರ ಎಂದು ಗುಣಿಸಿದರೆ 24 ಘನ ಅಡಿ. ಆದರೆ ಬಂಡೆ ಪೆಟ್ಟಿಗೆಯಲ್ಲ, ಮೊಟ್ಟೆಯಾಕಾರಕ್ಕೆ ಹತ್ತಿರ. ಅಂಥ ಆಕಾರ ತನ್ನನ್ನು ಹಿಡಿಯುವ ಪೆಟ್ಟಿಗೆಯ ಶೇ. 52ರಷ್ಟನ್ನು ಮಾತ್ರ ತುಂಬುತ್ತದೆ. ಹಾಗಾಗಿ 12.6 ಘನ ಅಡಿ. ತೂಕ ಒಂದು ಟನ್ನಿಗೆ ಚೂರು ಕಡಿಮೆ. ಮೂಲೆ ಉಳಿದ, ಚೌಕಾಕಾರದ ಬಂಡೆಯಾದರೆ ಶೇ. 65–70 ಹಿಡಿಯಬೇಕಾದೀತು. ಬಂಡೆ ನೆಲದಿಂದ ಎದ್ದಂತೆ ಕಾಣಬೇಕಾದರೆ ಮೂರನೇ ಒಂದು ಭಾಗ ಹೂಳಬೇಕು, ಬೇಕಾದ ಎತ್ತರಕ್ಕಿಂತ ಒಂದೂವರೆ ಪಟ್ಟಿನದನ್ನೇ ಆರಿಸಬೇಕು. ತೂಕ ಹೊರಲಾಗದ ಕಡೆ ಸಿಮೆಂಟಿನ ಕಲ್ಲೂ ಆದೀತು. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕೇ ಸಿಮೆಂಟಿನಲ್ಲಿ ಎದ್ದು ನಿಂತಿದೆ.

ಮೊದಲ ಲೋಡು

ಕಾಲುದಾರಿಗೂ ಮಡಿಗೂ ಸೇರಿ ಬಂದ 63 ಘನ ಅಡಿಗೆ ಕೂರುವಿಕೆಗೆಂದು ಶೇ. 10, ಅಂಚಿನಲ್ಲಿ ಚೆಲ್ಲುವುದಕ್ಕೆ ಶೇ. 5 ಸೇರಿಸಿದರೆ 73. ಮುಕ್ಕಾಲು ಬ್ರಾಸ್ ಹೇಳಬಹುದು. ಇಷ್ಟು ಸಣ್ಣ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ವಿಜ್ಞಾನ ಬೇಡ. ಹೇಳುವಾಗ ಒಂದು ಮಾತು ಮಾತ್ರ ಸ್ಪಷ್ಟವಿರಲಿ: ಅಳತೆ ಎಲ್ಲಿಯದು? ಕ್ರಷರಿನಲ್ಲಿ ತುಂಬಿದಾಗಿನದೋ, ನಿಮ್ಮ ಗೇಟಿನಲ್ಲಿ ಅಂಚಿಗೆ ಸಮ ಮಾಡಿದಾಗಿನದೋ? ಶೇ. 8ರ ಜಗಳ ಅಲ್ಲಿಗೇ ಮುಗಿಯುತ್ತದೆ.

ಕೆಲಸ ದೊಡ್ಡದಾದರೆ ಬೇರೆ ದಾರಿ ಇದೆ. ಒಂದು ಕಲ್ಯಾಣ ಮಂಟಪದ ಮುಂದೆ 2,000 ಚದರಡಿ ಅಂಗಳಕ್ಕೆ 2 ಇಂಚು ಖಡಿ ಹಾಸಬೇಕು ಎನ್ನಿ. ಕಾಗದದ ಮೇಲೆ 333 ಘನ ಅಡಿ, 120ರ ಟ್ರೇಲರಿನಲ್ಲಿ ಮೂರು ಲೋಡಿಗೂ ಕಡಿಮೆ. ಮೂರನ್ನೂ ಒಟ್ಟಿಗೆ ತರಿಸಬೇಡಿ. ಒಂದು ತರಿಸಿ, ಹರಡಿಸಿ, ರೋಲರ್ ಹಾಯಿಸಿ, ಎಷ್ಟು ಜಾಗ ತುಂಬಿತು ಎಂದು ಅಳೆಯಿರಿ. ಲೆಕ್ಕದ ಪ್ರಕಾರ 720 ಚದರಡಿ ಆಗಬೇಕು. 560 ಚದರಡಿಗೇ ಮುಗಿದರೆ, ಆ ಲೋಡು 2 ಇಂಚಿನ ಬದಲು 2.57 ಇಂಚು ನುಂಗಿತು ಎಂದರ್ಥ. ಅದರಲ್ಲಿ ದಾರಿಯ ಕುಲುಕಾಟದ ಪಾಲೆಷ್ಟು, ನೆಲದ ತಗ್ಗಿನ ಪಾಲೆಷ್ಟು, ಚಪ್ಪಟೆ ಹರಳಿನ ಪಾಲೆಷ್ಟು ಎಂದು ಬಿಡಿಸಿ ನೋಡುವ ಅಗತ್ಯವಿಲ್ಲ. ಎಲ್ಲವೂ ಆ 560ರಲ್ಲಿ ಅಡಗಿವೆ. ಉಳಿದ 1,440 ಚದರಡಿಯನ್ನು 560ರಿಂದ ಭಾಗಿಸಿ: ಎರಡೂವರೆ ಲೋಡು ದಾಟುತ್ತದೆ. ಇನ್ನೂ ಮೂರು ಲೋಡು ಹೇಳಿ. ಕೊನೆಯಲ್ಲಿ ಅರ್ಧಕ್ಕಿಂತ ಕಡಿಮೆ ಲೋಡು ಉಳಿಯುತ್ತದೆ, ಮುಂದಿನ ಮಳೆಗಾಲ ಕಳೆದ ಮೇಲೆ ತಗ್ಗು ತುಂಬಲು ಅದು ಬೇಕೇ ಬೇಕು.